ಅರ್ಧ ಇಂಚಿನವನ ಸೂಟು

ನಮ್ಮ ಬೀದಿಯಲ್ಲಿ ನನ್ನನ್ನು "ಅರ್ಧ ಇಂಚು" ಅಂತ ಕರೆಯುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಬೀದಿ ಸಣ್ಣದು, ಎಲ್ಲ ಕೇಳಿಸುತ್ತದೆ. ನಾನು ದರ್ಜಿ. ಗಂಡಸರ ಕೋಟು, ಸೂಟು ಹೊಲಿಯುವವನು. ನಲವತ್ತು ವರ್ಷದಿಂದ ಇದೇ ಕೆಲಸ. ಮೊದಲ ಹತ್ತು ವರ್ಷ ಇನ್ನೊಬ್ಬರ ಅಂಗಡಿಯಲ್ಲಿ ಬೈಸಿಕೊಂಡೆ, ಆಮೇಲಿನ ಮೂವತ್ತು ವರ್ಷ ನನ್ನ ಅಂಗಡಿಯಲ್ಲಿ ಕೂತು ಬೈದೆ. ಯಾರ ಮೈಮೇಲೆ ಯಾವ ಕೋಟು ಕಂಡರೂ "ಅರ್ಧ ಇಂಚು ಜಾಸ್ತಿಯಾಯ್ತು" ಇಲ್ಲವೇ "ಅರ್ಧ ಇಂಚು ಕಮ್ಮಿಯಾಯ್ತು" ಅನ್ನದೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಕೋಟಿಗೇ ನಿಂತಿದ್ದರೆ ಪರವಾಗಿರಲಿಲ್ಲ. ಜ್ವರ ಬಂದು ಡಾಕ್ಟರ ಹತ್ತಿರ ಹೋದವನು, ಅವರ ಗೋಡೆ ಗಡಿಯಾರ ಅರ್ಧ ಇಂಚು ಎಡಕ್ಕೆ ವಾಲಿದೆ ಅಂದು, ಪಾಪ ಅವರು ನನ್ನ ನಾಡಿ ಬಿಟ್ಟು ಸ್ಟೂಲು ಹತ್ತುವ ಹಾಗೆ ಮಾಡಿದ್ದೆ.

ಇಂಥ ನನಗೆ ಒಂದು ದಿನ ದರ್ಜಿಗಳ ಸಂಘದಿಂದ ಕಾಗದ ಬಂತು. ನಲವತ್ತು ವರ್ಷ ಕಸುಬು ಮಾಡಿದ ಹಿರಿಯ ಅಂತ ವಾರ್ಷಿಕ ಸಭೆಯಲ್ಲಿ ಸನ್ಮಾನ ಮಾಡುತ್ತಾರಂತೆ. ಒಳಗಿನ ಸುದ್ದಿ ನನಗೆ ಗೊತ್ತಿತ್ತು. ಪಟ್ಟಿಯಲ್ಲಿ ನನಗಿಂತ ಮುಂದೆ ಇಬ್ಬರಿದ್ದರು. ಒಬ್ಬರು ತೀರಿಕೊಂಡರು, ಇನ್ನೊಬ್ಬರು ಅಧ್ಯಕ್ಷರ ಜೊತೆ ಜಗಳ ಆಡಿಕೊಂಡರು. ಹೀಗೆ ಒಂದು ಸಾವು, ಒಂದು ಜಗಳ ದಾಟಿಕೊಂಡು ಆ ಸನ್ಮಾನ ನನ್ನ ಬಾಗಿಲಿಗೆ ಬಂದಿತ್ತು. ಆದರೂ ಜಂಬ ಬರುವುದು ಬಂದೇ ಬಂತು. ಕಾಗದವನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟೆ, ಬಂದ ಗಿರಾಕಿಗಳು ಟ್ರಯಲ್ ನೋಡುವಾಗ ಅದನ್ನೂ ಓದಲಿ ಅಂತ. ಒಬ್ಬ ಗಿರಾಕಿ ಕೊನೆಯ ಸಾಲಿನ ತನಕ ಓದಿಬಿಟ್ಟ. "ಸನ್ಮಾನಿತರು ಸೂಟು ಧರಿಸಿ ಬರತಕ್ಕದ್ದು ಅಂತಿದೆಯಲ್ಲ, ನಿಮ್ಮ ಸೂಟು ಎಲ್ಲಿ, ತೋರಿಸಿ ನೋಡೋಣ" ಅಂದ.

ನನ್ನ ಹತ್ತಿರ ಸೂಟೇ ಇರಲಿಲ್ಲ.

ಕೇಳಿದವರು ನಗುತ್ತಾರೆ, ನಗಲಿ. ದರ್ಜಿ ತನ್ನ ಅಳತೆ ತಾನೇ ತೆಗೆದುಕೊಳ್ಳಲು ಆಗುವುದಿಲ್ಲ. ಎದೆ ಸುತ್ತ ಟೇಪು ಹಿಡಿದು, ನಂಬರು ನೋಡಲು ತಲೆ ಬಗ್ಗಿಸಿದ ಕೂಡಲೇ ಎದೆ ಒಳಕ್ಕೆ ಹೋಗುತ್ತದೆ, ಬೆನ್ನು ಬಾಗುತ್ತದೆ, ಅಳತೆ ಇನ್ಯಾರದೋ ಆಗಿಬಿಡುತ್ತದೆ. ಅದಕ್ಕೇ ನಮ್ಮಲ್ಲಿ ಒಬ್ಬ ದರ್ಜಿಯ ಅಳತೆಯನ್ನು ಇನ್ನೊಬ್ಬ ದರ್ಜಿ ತೆಗೆಯುವುದು ರೂಢಿ. ನನಗೆ ಆ ದಾರಿ ಮುಚ್ಚಿಹೋಗಿತ್ತು, ಮುಚ್ಚಿದವನೂ ನಾನೇ. ಊರಿನ ಒಬ್ಬೊಬ್ಬ ದರ್ಜಿಯ ಕೆಲಸಕ್ಕೂ ಮೂಗು ಮುರಿದು ಮುಗಿಸಿದ್ದೆ. ಎದುರಂಗಡಿಯವನಿದ್ದಾನಲ್ಲ, ಅವನು ಹೊಲಿದ ಕಾಲರು ಕತ್ತು ಕಂಡರೆ ದೂರ ಓಡುತ್ತದೆ ಅಂತ ಇಪ್ಪತ್ತು ವರ್ಷದಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಈಗ ಯಾವ ಮುಖ ಹೊತ್ತುಕೊಂಡು ಹೋಗಿ ಅವನ ಮುಂದೆ ಕೈ ಎತ್ತಿ ನಿಲ್ಲಲಿ?

ಅಳತೆ ತೆಗೆಯಬಲ್ಲ ಕೈ ಮನೆಯಲ್ಲೇ ಒಂದಿತ್ತು, ನನ್ನ ಮಗಳದು. ಆದರೆ ಅವಳು ನನ್ನ ಜೊತೆ ಸರಿಯಾಗಿ ಮಾತಾಡಿ ಹನ್ನೊಂದು ತಿಂಗಳಾಗಿತ್ತು.

ಹದಿನೇಳನೇ ವಯಸ್ಸಿಗೆ ಅಂಗಡಿಗೆ ಬಂದು ಕೂತವಳು, ಒಂಬತ್ತು ವರ್ಷ ನನ್ನ ಜೊತೆ ದುಡಿದಳು. ಮಡಿಕೆ ಹೊಲಿಗೆ, ಕೋಟಿನ ಒಳಪದರ, ಕಾಜ, ಇಸ್ತ್ರಿ, ಅಳತೆ, ಎಲ್ಲ ಕಲಿತಳು. ಕೆಲವನ್ನು ನನಗಿಂತ ಚೆನ್ನಾಗಿಯೇ ಕಲಿತಳು. ಕತ್ತರಿ ಮಾತ್ರ, ಅಂದರೆ ಬಟ್ಟೆ ಕತ್ತರಿಸುವ ಕೆಲಸ, ನಾನು ಕೊಡಲಿಲ್ಲ. ಕೇಳಿದಾಗಲೆಲ್ಲ "ಮುಂದಿನ ವರ್ಷ ನೋಡೋಣ" ಅನ್ನುತ್ತಿದ್ದೆ. ಹಾಗೆ ಒಂಬತ್ತು ಮುಂದಿನ ವರ್ಷಗಳು ಕಳೆದವು. ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಗಿರಾಕಿಯೊಬ್ಬರ ಬಟ್ಟೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟಿದ್ದಳು. ಗೆರೆಯಲ್ಲಿ ತಪ್ಪಿತ್ತೋ ಇಲ್ಲವೋ ನಾನು ನೋಡಲೇ ಇಲ್ಲ. ಬ್ರಷ್ ತೆಗೆದುಕೊಂಡು, ಆ ಗಿರಾಕಿಯ ಎದುರಿಗೇ ಅಷ್ಟನ್ನೂ ಒರೆಸಿಹಾಕಿ, "ಕೈಗೆ ಬಂದ ಹಾಗೆ ಗೀಚೋಕೆ ಇದೇನು ನಿಮ್ಮಪ್ಪನ ಮನೆ ಗಂಟಾ?" ಅಂದೆ. ಅವಳ ಅಪ್ಪ ನಾನೇ ಅನ್ನುವುದು ಆ ಸಿಟ್ಟಿನಲ್ಲಿ ಹೊಳೆಯಲಿಲ್ಲ. ಗಿರಾಕಿ ಕಿಸಕ್ಕನೆ ನಕ್ಕ. ಮಗಳು ಕತ್ತಿನಿಂದ ಟೇಪು ತೆಗೆದು ಮೊಳೆಗೆ ಹಾಕಿ ಹೊರಟುಹೋದಳು. ಮುಂದಿನ ವಾರ ಪೇಟೆಯ ದೊಡ್ಡ ಕಟ್ಟಡದಲ್ಲಿ, ಯಾರೋ ಹೆಸರಾಂತ ಡಿಸೈನರನ ಸೂಟಿನ ಮಳಿಗೆಗೆ ಕೆಲಸಕ್ಕೆ ಸೇರಿದಳು. ಅಲ್ಲಿ ಬಂದವರ ಅಳತೆ ತೆಗೆದು, ಅವರವರ ಮೈಗೆ ತಕ್ಕ ಹಾಗೆ ಸೂಟು ಮಾಡಿಸಿಕೊಡುತ್ತಾರೆ.

ನಿಜ ಹೇಳಿಬಿಡುತ್ತೇನೆ. ನನಗೆ ಸೂಟು ಬೇಕಿತ್ತು, ಹೌದು. ಆದರೆ ಅದಕ್ಕಿಂತ ಹೆಚ್ಚಾಗಿ ಮಗಳು ಅಂಗಡಿಗೆ ವಾಪಸ್ಸು ಬರುವುದು ಬೇಕಿತ್ತು. ಅವಳಿಲ್ಲದೆ ಅಂಗಡಿ ಬಿಕೋ ಅನ್ನುತ್ತಿತ್ತು. ಯಾರಿಗೆ ಅರ್ಧ ಇಂಚಿನ ಮಾತು ಹೇಳಲಿ, ಇಸ್ತ್ರಿಪೆಟ್ಟಿಗೆಗೆ ಹೇಳಲಾ? ಮನೆಯಲ್ಲಿ ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದೆವು. ನಾನು ಏನಾದರೂ ಕೇಳಿದರೆ ಅವಳು ಅವರಮ್ಮನ ಕಡೆ ತಿರುಗಿ ಉತ್ತರ ಹೇಳುತ್ತಿದ್ದಳು.

"ಬಾರಮ್ಮ ಅಂತ ಒಂದು ಮಾತು ಕರೀರಿ. ಬಾಯಿ ಸವೆದು ಹೋಗುತ್ತಾ?" ಅನ್ನುತ್ತಿದ್ದಳು ನನ್ನಾಕೆ.

"ಅವಳೇ ಹೋಗಿದ್ದು, ಅವಳೇ ಬರ್ಲಿ."

"ಹಾಗಾದ್ರೆ ಸನ್ಮಾನಕ್ಕೆ ಗೋಣಿಚೀಲ ಸುತ್ಕೊಂಡು ಹೋಗಿ."

ಗೋಣಿಚೀಲದ ತನಕ ಹೋಗುವುದು ಬೇಡ ಅಂತ, ಅಳತೆ ತೆಗೆಯಲು ನನ್ನಾಕೆಯನ್ನೇ ಕರೆದೆ. ಅವಳು ಹಿತ್ತಲಿಗೆ ಬೇಲಿ ಹಾಕಲು ಜಾಗ ಅಳೆಯುವವಳ ಹಾಗೆ ಟೇಪಿನ ಒಂದು ತುದಿ ನನಗೆ ಹಿಡಿಯಲು ಕೊಟ್ಟು ಸುತ್ತು ಬಂದಳು. ಅವಳು ಹೇಳಿದ ಅಳತೆ ನಂಬಿ ಅಗ್ಗದ ಬಟ್ಟೆಯಲ್ಲಿ ಒಂದು ಕಚ್ಚಾ ಕೋಟು ಹೊಲಿದೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಬಲಗಡೆ ಕತ್ತಿನ ಕೆಳಗೆ ಬಟ್ಟೆ ಗುಡ್ಡೆ ಬಿದ್ದಿತ್ತು, ಎಡಗಡೆ ಎಳೆದು ಹಿಡಿದಿತ್ತು. ಮೂರು ಸಲ ಬಿಚ್ಚಿದೆ, ಮೂರು ಸಲ ಹೊಲಿದೆ. ಗುಡ್ಡೆ ಜಾಗ ಬದಲಾಯಿಸಿತೇ ಹೊರತು ಹೋಗಲಿಲ್ಲ. ಅಷ್ಟರಲ್ಲಿ ಸಭೆಗೆ ಐದು ದಿನ ಉಳಿದಿತ್ತು.

ಆಗ ನನ್ನ ತಲೆಗೆ ಒಂದು ಘನಂದಾರಿ ಉಪಾಯ ಹೊಳೆಯಿತು. ಮಗಳಿಗೆ ಮಂಗಳವಾರ ರಜ. ಆ ದಿನ ಅವಳು ಮಳಿಗೆಯಲ್ಲಿ ಇರುವುದಿಲ್ಲ. ಸದ್ದಿಲ್ಲದೆ ಅಲ್ಲಿಗೇ ಹೋಗಿ ಡಿಸೈನರ್ ಸೂಟಿಗೆ ಅಳತೆ ಕೊಟ್ಟುಬಂದರೆ ಸೂಟೂ ಆಯಿತು, ಅವಳು ಕೆಲಸ ಮಾಡುವ ಜಾಗ ನೋಡಿದ ಹಾಗೂ ಆಯಿತು. "ಆ ಡಿಸೈನರ್ ಅಂಗಡಿಗೆ ಹೋಗೋದೂ ಒಂದೇ, ಬಟ್ಟೆ ಅಂಗಡಿ ಬೊಂಬೆಗೆ ನಿಮ್ಮ ಹೆಸರಿಡೋದೂ ಒಂದೇ" ಅಂತ ಎಷ್ಟು ಗಿರಾಕಿಗಳಿಗೆ ಉಪದೇಶ ಮಾಡಿದ್ದೆನೋ ಲೆಕ್ಕವಿಲ್ಲ. ಮಂಗಳವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಎದುರಂಗಡಿಯವನು ನೋಡದ ಹಾಗೆ ಸಂದಿಯಲ್ಲಿ ನುಸುಳಿ ಹೊರಟೆ.

ಮಳಿಗೆಯ ಒಳಗೆ ತಣ್ಣಗಿತ್ತು. ನೆಲದ ಮೇಲೆ ಒಂದು ನೂಲಿಲ್ಲ, ಒಂದು ಚೂರು ಬಟ್ಟೆಯಿಲ್ಲ. ದರ್ಜಿಯ ಕೆಲಸ ನಡೆಯುವ ಜಾಗ ಇಷ್ಟು ಚೊಕ್ಕಟ ಇದ್ದರೆ ಎಲ್ಲೋ ಮೋಸ ಇದೆ ಅಂದುಕೊಂಡೆ. ಗೋಡೆಯ ಮೇಲೆ ಡಿಸೈನರನ ಆಳೆತ್ತರದ ಫೋಟೋ ಇತ್ತು, ಕೈಕಟ್ಟಿ ನಿಂತಿದ್ದ. ಅವನ ಎಡ ತೋಳು ಅರ್ಧ ಇಂಚು ಉದ್ದ ಅಂತ ನಾಲಿಗೆ ತುದಿಗೆ ಬಂದಿದ್ದನ್ನು ನುಂಗಿಕೊಂಡೆ. ಮ್ಯಾನೇಜರು ಹಲ್ಲು ಬಿಡುತ್ತಾ ಬಂದರು.

"ಬನ್ನಿ ಸರ್. ತಾವು ಏನು ಕೆಲಸ ಮಾಡೋದು?"

"ಧಾನ್ಯದ ವ್ಯಾಪಾರ" ಅಂದೆ. ಯಾಕೆ ಹಾಗಂದೆನೋ ಆ ದೇವರೇ ಬಲ್ಲ.

ಅವರು ಬಟ್ಟೆಯ ತುಂಡುಗಳ ಪುಸ್ತಕ ಬಿಡಿಸಿ, "ಇದು ಶುದ್ಧ ಉಣ್ಣೆ ಸರ್" ಅಂದರು. ನನ್ನ ಬೆರಳುಗಳು ನನ್ನ ಮಾತು ಕೇಳಲಿಲ್ಲ. ಬಟ್ಟೆ ಉಜ್ಜಿ, ಎಳೆ ಬಿಡಿಸಿ ನೋಡಿದವು. "ಶುದ್ಧ ಎಲ್ಲಿಂದ ಬಂತು, ಮೂರರಲ್ಲಿ ಒಂದು ಪಾಲು ಪಾಲಿಯೆಸ್ಟರ್ ಇದೆಯಲ್ರೀ" ಅಂದುಬಿಟ್ಟೆ. ಮ್ಯಾನೇಜರು ಈ ಧಾನ್ಯದ ವ್ಯಾಪಾರಿಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಒಳಕ್ಕೆ ತಿರುಗಿ, ಅಳತೆ ತೆಗೆಯುವವರನ್ನು ಕೂಗಿದರು.

ಪರದೆ ಸರಿಸಿಕೊಂಡು ಬಂದವಳು ನನ್ನ ಮಗಳು.

ಆ ವಾರ ರಜವನ್ನು ಬುಧವಾರಕ್ಕೆ ಬದಲಾಯಿಸಿಕೊಂಡಿದ್ದಳಂತೆ. ಮನೆಯಲ್ಲಿ ಅವರಮ್ಮನಿಗೆ ಹೇಳಿದ್ದಳು. ನನಗೆ ಗೊತ್ತಾಗಬೇಕಾದರೆ ನಾನು ಯಾರನ್ನಾದರೂ ಕೇಳಬೇಕಿತ್ತಲ್ಲ. ಬಾಗಿಲ ಕಡೆ ನೋಡಿದೆ. ಮ್ಯಾನೇಜರು ಅಡ್ಡ ನಿಂತಿದ್ದರು. ಮಗಳು ನನ್ನ ಮುಖ ನೋಡಿದಳು, ನನ್ನ ಕೈಯಲ್ಲಿದ್ದ ಬಟ್ಟೆಯ ತುಂಡು ನೋಡಿದಳು, ಕತ್ತಿನಿಂದ ಟೇಪು ತೆಗೆದಳು.

"ನೇರವಾಗಿ ನಿಂತ್ಕೊಳ್ಳಿ ಸರ್" ಅಂದಳು.

ನನ್ನ ಮಾನ ಉಳಿಸಿದಳು. ಅದೂ ನನಗೆ ತಕ್ಷಣ ಅರ್ಥವಾಗಲಿಲ್ಲ, ಮೊದಲು ಸಿಟ್ಟೇ ಬಂತು, ಹೆತ್ತ ಅಪ್ಪನಿಗೆ ಸರ್ ಅನ್ನುತ್ತಾಳಲ್ಲ ಅಂತ. ಕೈ ಎತ್ತಿ ನಿಂತೆ. ಹೊಟ್ಟೆ ಒಳಕ್ಕೆ ಎಳೆದುಕೊಂಡು ಉಸಿರು ಬಿಗಿಹಿಡಿದೆ. ಈ ಕೆಲಸ ಮಾಡಿದ ಗಿರಾಕಿಗಳನ್ನು ನಾನು ಎಷ್ಟು ಆಡಿಕೊಂಡು ನಕ್ಕಿದ್ದೇನೆ! ಇಂಥವರಿಗೆ ಒಂದು ಉಪಾಯವಿದೆ, ಅವಳಿಗೆ ಕಲಿಸಿದವನೂ ನಾನೇ. ಮನೆ ಸುದ್ದಿ ಕೇಳುತ್ತಾ ಇರಬೇಕು. ಮಾತಾಡುವವನು ಹೊಟ್ಟೆ ಹಿಡಿದಿಡಲಾರ.

"ಮನೇಲಿ ಎಷ್ಟು ಜನ ಸರ್?"

ನಾನು ಬಾಯಿ ಬಿಡಲಿಲ್ಲ. ಟೇಪು ಸೊಂಟದ ಸುತ್ತ ಕಾಯುತ್ತಿತ್ತು.

"ಮಕ್ಕಳೆಷ್ಟು?"

"ಒಬ್ಳು ಮಗಳು" ಅಂದೆ. ಹೊಟ್ಟೆ ಅರ್ಧ ಇಳಿಯಿತು.

"ಏನು ಮಾಡ್ತಾಳೆ?"

"ಕೆಲಸಕ್ಕೆ ಹೋಗ್ತಾಳೆ. ಮೊದಲು ನನ್ನ ಜೊತೆಗೇ ಇದ್ಳು."

"ಯಾಕೆ ಬಿಟ್ಟುಹೋದ್ಲು?"

"ನನ್ನ ಬಾಯಿ ಸರಿಯಿಲ್ಲ" ಅಂದೆ. ಇನ್ನರ್ಧವೂ ಇಳಿದುಬಿಟ್ಟಿತು.

"ಸೊಂಟ ನಲವತ್ತೊಂದು" ಅಂದಳು ಮ್ಯಾನೇಜರಿಗೆ. ಅವರು ಬರೆದುಕೊಂಡರು. ಅವಳು ನನ್ನ ಹಿಂದೆ ಹೋಗಿ ಎರಡೂ ಭುಜದ ಮೇಲೆ ಕೈಯಿಟ್ಟಳು. ಹನ್ನೊಂದು ತಿಂಗಳ ಮೇಲೆ ಮಗಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. "ಬಲಭುಜ ಮುಕ್ಕಾಲು ಇಂಚು ಇಳಿದಿದೆ" ಅಂದಳು.

"ಸಾಧ್ಯವೇ ಇಲ್ಲ" ಅಂದೆ.

"ಇದೆ ಸರ್. ದಿನಾ ಭಾರದ ಇಸ್ತ್ರಿಪೆಟ್ಟಿಗೆ ಒತ್ತಿದವರಿಗೆ ಹೀಗಾಗುತ್ತೆ. ಧಾನ್ಯದ ಮೂಟೆ ಹೊತ್ತವರಿಗೂ ಆಗಬಹುದು."

ಕಚ್ಚಾ ಕೋಟಿನ ಆ ಗುಡ್ಡೆ ಯಾಕೆ ಹೋಗಲಿಲ್ಲ ಅಂತ ಆಗ ತಿಳಿಯಿತು. ಊರಿನವರ ಮೈಯ ಅರ್ಧ ಇಂಚಿನ ದೋಷವೆಲ್ಲ ಬಾಯಿಪಾಠ, ನನ್ನ ಭುಜದ ಮುಕ್ಕಾಲು ಇಂಚು ನನಗೆ ಗೊತ್ತಿಲ್ಲ. ಮುಖ ಸಣ್ಣದಾಯಿತು. ಮಾತು ಬದಲಿಸೋಣ ಅಂತ, "ಇದನ್ನ ಕತ್ತರಿಸೋದು ಯಾರು, ನೀವೇನಾ?" ಅಂತ ಅವಳನ್ನು ಕೇಳಿದೆ. ಅವಳು ಟೇಪು ಸುತ್ತುತ್ತಾ ಹೇಳಿದಳು:

"ಇಲ್ಲಿ ಯಾರೂ ಕತ್ತರಿಸಲ್ಲ ಸರ್. ಅಳತೆ ಫ್ಯಾಕ್ಟರಿಗೆ ಹೋಗುತ್ತೆ, ಅಲ್ಲಿ ಮಷಿನ್ನು ಕತ್ತರಿಸುತ್ತೆ. ನಾನು ಬರೀ ಅಳೆಯೋದು."

"ಒಂದು ದಿನವೂ ಕತ್ತರಿ ಹಿಡಿದಿಲ್ವಾ?"

"ಇಲ್ಲಿ ಕತ್ತರಿಯೇ ಇಲ್ಲ ಸರ್."

ಮ್ಯಾನೇಜರು ಹೆಮ್ಮೆಯಿಂದ, "ಅರ್ಜೆಂಟ್ ಅಂದ್ರೆ ನಾಲ್ಕೇ ದಿನದಲ್ಲಿ ಕೊಡ್ತೀವಿ, ಆರ್ಡರ್ ಹಾಕಿಬಿಡ್ಲಾ?" ಅಂದರು. "ಮನೇಲಿ ಕೇಳಿ ಬರ್ತೀನಿ" ಅಂದು ಬಾಲ ಮುದುರಿಕೊಂಡು ಹೊರಗೆ ಬಂದೆ. ಬಸ್ಸಿಗೂ ಕಾಯದೆ ನಡೆದೆ. ಕತ್ತರಿ ಸಿಗಲಿಲ್ಲ ಅಂತ ನನ್ನ ಅಂಗಡಿ ಬಿಟ್ಟವಳು, ಕತ್ತರಿಯೇ ಇಲ್ಲದ ಜಾಗಕ್ಕೆ ಹೋಗಿ ನಿಂತಿದ್ದಳು. ಅವಳನ್ನು ಅಲ್ಲಿಗೆ ಅಟ್ಟಿದವನು ನಾನು.

ಸಂಜೆ ಅವಳು ಮನೆಗೆ ಬಂದಾಗ ನಾನು ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದೆ. ಎರಡು ದಿನದ ಹಳೇ ಪೇಪರು. ಕೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆ, ಬಾಯಿಗೆ ಬರಲಿಲ್ಲ. ನನ್ನಾಕೆಗೆ ಮಗಳು ಆಗಲೇ ಎಲ್ಲ ಹೇಳಿದ್ದಳು ಅಂತ ಕಾಣುತ್ತದೆ, ಅಡುಗೆಮನೆಯಿಂದ, "ಧಾನ್ಯದ ಸಾಹುಕಾರ್ರೇ, ಒಂದು ಸೇರು ಗೋಧಿ ಕೊಡಿ" ಅಂದಳು. ಮಗಳ ತುಟಿ ಅಲುಗಿತು. ಆ ಸಂದಿನಲ್ಲಿ ನುಗ್ಗಿದೆ.

"ನನ್ನ ಸೂಟು ನೀನೇ ಕತ್ತರಿಸ್ತೀಯಾ?"

ಅವಳು ಅವರಮ್ಮನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡಿ, "ಯಾವ ಬಟ್ಟೆ?" ಅಂದಳು.

"ಟ್ರಂಕಿನಲ್ಲಿದೆಯಲ್ಲ, ಆ ನೀಲಿ."

ಆ ನೀಲಿ ಉಣ್ಣೆಯ ಸುದ್ದಿ ಮನೆಯಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಮುಚ್ಚಿಹೋಗುತ್ತಿದ್ದ ಒಂದು ಬಟ್ಟೆ ಗಿರಣಿಯಿಂದ ತಂದದ್ದು. ಒಂದು ಸೂಟಿಗೆ ಸರಿಯಾಗಿ ಆಗುವಷ್ಟೇ ಇದೆ, ಅಂಥದು ಇನ್ನೆಲ್ಲೂ ಸಿಗುವುದಿಲ್ಲ. ನನ್ನಾಕೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ನಾಳೆ ನನಗೆ ರಜ. ಅಳತೆ ಹೇಗೂ ತೆಗೆದಾಗಿದೆ, ಕತ್ತರಿಸ್ತೀನಿ. ಆದ್ರೆ ನೀನು ಅಂಗಡೀಲಿ ಇರಬಾರದು" ಅಂದಳು ಮಗಳು.

"ನನ್ನ ಅಂಗಡೀಲಿ ನಾನೇ ಇರಬಾರದಾ?"

"ಇದ್ರೆ ನಾನು ಕತ್ತರಿಸಲ್ಲ."

ಬುಧವಾರ ಬೆಳಿಗ್ಗೆ ಬಟ್ಟೆ ಮೇಜಿನ ಮೇಲಿಟ್ಟು, ದೊಡ್ಡ ಕತ್ತರಿ ಅದರ ಮೇಲಿಟ್ಟು, ಹೊರಗೆ ಬಂದೆ. ಬಂದು ಎಲ್ಲಿಗೆ ಹೋಗುವುದು? ಅಂಗಡಿಯ ಒಳಗೆ ಕಾಣುವ ಜಾಗ ಬೀದಿಯಲ್ಲಿ ಒಂದೇ ಒಂದಿತ್ತು, ಎದುರಂಗಡಿ. ಅವನು ಮಷಿನ್ನಿನ ಮೇಲಿಂದ ತಲೆ ಎತ್ತಿ ನೋಡಿದ. ಸ್ಟೂಲು ಎಳೆದು ಹಾಕಿದ, ಟೀ ತರಿಸಿದ. ಇಪ್ಪತ್ತು ವರ್ಷ ಅವನ ಕಾಲರು ಬೈದವನು ಅವನ ಟೀ ಕುಡಿಯುತ್ತಾ ನನ್ನ ಅಂಗಡಿಯನ್ನೇ ಕದ್ದು ನೋಡುತ್ತಾ ಕೂತೆ.

ಒಂದು ಗಂಟೆ ಹೊತ್ತು ಅವಳು ಬಟ್ಟೆ ಮುಟ್ಟಲಿಲ್ಲ. ಹಾಸಿದಳು, ನೋಡಿದಳು, ತೆಗೆದಳು, ಮತ್ತೆ ಹಾಸಿದಳು. ಆಮೇಲೆ ಗೆರೆ ಎಳೆದಳು. ನಾನು ಸ್ಟೂಲಿನಿಂದ ಎದ್ದೆ. ಎದುರಂಗಡಿಯವನು ನನ್ನ ಅಂಗಿ ಹಿಡಿದು ಕೂರಿಸಿದ. "ಕೂತ್ಕೊಳ್ಳಯ್ಯ ಸುಮ್ನೆ. ನಾನೂ ನನ್ನ ಮಗನ ತಲೆ ಮೇಲೆ ಹೀಗೇ ನಿಂತಿರ್ತಿದ್ದೆ. ಅವನೀಗ ಫ್ರಿಜ್ ರಿಪೇರಿ ಮಾಡ್ತಾನೆ. ನಮ್ಮ ಬೀದೀಗೇ ಬರಲ್ಲ."

ಕೂತೆ. ಅವನು ಹೊಲಿಯುತ್ತಾ ಇದ್ದ ಕಾಲರು ಕಣ್ಣಿಗೆ ಬಿತ್ತು. ಚೆನ್ನಾಗೇ ಇತ್ತು. ಯಾವತ್ತೂ ಚೆನ್ನಾಗೇ ಇತ್ತೇನೋ. ಅಲ್ಲಿ ಕೂತು ನನಗೆ ಒಂದು ವಿಷಯ ಒಪ್ಪಿಕೊಳ್ಳಬೇಕಾಯಿತು. ಬಟ್ಟೆ ಕೆಡಿಸುತ್ತಾಳೆ ಅನ್ನುವ ಭಯಕ್ಕೆ ನಾನು ಅವಳಿಗೆ ಕತ್ತರಿ ಕೊಡಲಿಲ್ಲ ಅಂತ ಎಲ್ಲರಿಗೂ ಹೇಳಿದ್ದೆ, ನನಗೂ ಹೇಳಿಕೊಂಡಿದ್ದೆ. ಅದು ಸುಳ್ಳು. ಎಲ್ಲಿ ಚೆನ್ನಾಗಿ ಕತ್ತರಿಸಿಬಿಡುತ್ತಾಳೋ ಅನ್ನುವುದೇ ನನ್ನ ಭಯ. ಅದನ್ನೂ ಅವಳೇ ಮಾಡಿದರೆ ಆ ಅಂಗಡಿಯಲ್ಲಿ ನಾನು ಯಾತಕ್ಕೆ? ಟೀ ಆರಿಹೋಗಿತ್ತು, ಹಾಗೇ ಕುಡಿದೆ.

ಮಧ್ಯಾಹ್ನ ಅವಳು ಬಾಗಿಲಿಗೆ ಬಂದು ನಿಂತಳು. ಮುಖ ಬಿಳಿಚಿಕೊಂಡಿತ್ತು. ಬೀದಿ ದಾಟಿ ಓಡಿದೆ.

ಮೇಜಿನ ಮೇಲೆ ಎಲ್ಲ ಭಾಗಗಳನ್ನೂ ಸಾಲಾಗಿ ಇಟ್ಟಿದ್ದಳು. ಪ್ಯಾಂಟು ಸರಿ. ಕೋಟಿನ ಮುಂಭಾಗ ಸರಿ, ಬೆನ್ನು ಸರಿ, ಬಲಭುಜಕ್ಕೆ ಮುಕ್ಕಾಲು ಇಂಚು ಇಳಿಸಿದ್ದಳು, ಒಂದು ಎಳೆ ಅತ್ತಿತ್ತ ಇರಲಿಲ್ಲ. ಆಮೇಲೆ ತೋಳು ನೋಡಿದೆ. ಎರಡೂ ಬಲಗೈಯವು. ಬಟ್ಟೆ ಸಾಲದು ಅಂತ ಮಡಿಕೆ ಬಿಚ್ಚಿ ಒಂದೇ ಪದರ ಹಾಸಿದ್ದಳು. ಹಾಗೆ ಹಾಸಿದಾಗ, ಒಂದು ತೋಳು ಕತ್ತರಿಸಿದ ಮೇಲೆ ಕಾಗದದ ನಕ್ಷೆಯನ್ನು ಮಗುಚಿ ಇಟ್ಟು ಇನ್ನೊಂದು ಕತ್ತರಿಸಬೇಕು. ಮಗುಚುವುದು ಮರೆತಿದ್ದಳು. ಉಳಿದಿದ್ದ ಬಟ್ಟೆಯಲ್ಲಿ ಕರವಸ್ತ್ರವೂ ಆಗುವ ಹಾಗಿರಲಿಲ್ಲ.

ಅವಳು ಗೋಡೆಗೆ ಒರಗಿ, ಕಣ್ಣು ನೆಲಕ್ಕೆ ಹಾಕಿ, ನನ್ನ ಬಾಯಿಗೆ ಕಾಯುತ್ತಾ ನಿಂತಿದ್ದಳು. ನನಗೆ ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಪಾದದಿಂದ ಹೊರಟು ಕುತ್ತಿಗೆಯ ತನಕ ಬಂತು. ಇಪ್ಪತ್ತೆರಡು ವರ್ಷದ ಬಟ್ಟೆ. ಆದರೆ ಅವಳು ಏಟು ಬೀಳುತ್ತದೆ ಅಂತ ಕಾಯುವವಳ ಹಾಗೆ ಭುಜ ಮುದುರಿದ್ದಳು. ನಾನು ಅವಳಿಗೆ ಯಾವತ್ತೂ ಹೊಡೆದವನಲ್ಲ. ಹೊಡೆಯುವುದಕ್ಕೆ ನನ್ನ ನಾಲಿಗೆಯೇ ಸಾಕಾಗಿತ್ತಲ್ಲ.

"ನಾನು ಅಂಗಡಿ ಇಟ್ಟ ಮೊದಲನೇ ವರ್ಷ ಒಬ್ಬ ಮೇಷ್ಟ್ರಿಗೆ ಪ್ಯಾಂಟು ಕತ್ತರಿಸಿದ್ದೆ" ಅಂದೆ. "ಎರಡೂ ಎಡಗಾಲು."

ಅವಳು ತಲೆ ಎತ್ತಿದಳು.

"ಬಟ್ಟೆ ಇಲಿ ಕಡೀತು ಅಂತ ಅವರಿಗೆ ಸುಳ್ಳು ಹೇಳಿದೆ. ಪಾಪ, ಅವರು ನನಗೆ ಒಂದು ಬೆಕ್ಕಿನ ಮರಿ ತಂದುಕೊಟ್ರು. ಅದು ಆರು ವರ್ಷ ಈ ಅಂಗಡೀಲೇ ಇತ್ತು. ನಿಮ್ಮಮ್ಮನಿಗೂ ಇವತ್ತಿನ ತನಕ ಗೊತ್ತಿಲ್ಲ."

ಅವಳಿಗೆ ನಗು ಬಂತು, ಹಿಂದೆಯೇ ಅಳು ಬಂತು. ಎರಡೂ ಮುಗಿಯುವ ತನಕ ನಾನು ಸುಮ್ಮನಿದ್ದೆ. ನನ್ನ ಆಯುಷ್ಯದಲ್ಲಿ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ.

"ಹೊಲಿಗೆ ಶುರು ಮಾಡೋಣ" ಅಂದೆ ಆಮೇಲೆ.

"ತೋಳಿಲ್ಲದೆ?"

"ತೋಳಿಗೆ ಬೇರೆ ಬಟ್ಟೆ ಹುಡುಕೋಣ, ಸಿಕ್ಕಾಗ ನೀನೇ ಕತ್ತರಿಸು. ಈಗ ಇರೋದನ್ನ ಹೊಲಿಯೋಣ."

ಬುಧವಾರ ಪೂರ್ತಿ, ಆಮೇಲಿನ ಮೂರು ದಿನ ಅವಳು ಮಳಿಗೆಯಿಂದ ಬಂದ ಮೇಲೆ ಸಂಜೆ ಹೊತ್ತು, ಇಬ್ಬರೂ ಕೂತು ಹೊಲಿದೆವು. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ವಾಪಸ್ಸು ಬರುತ್ತೀಯಾ ಅಂತ ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ಇಲ್ಲ ಅಂದುಬಿಡುತ್ತಾಳೋ ಅನ್ನುವ ಪುಕ್ಕಲು. ಶನಿವಾರ ಸಂಜೆ ಕೋಟು ಹಾಕಿಕೊಂಡು ನೋಡಿದೆ. ಭುಜದ ಮೇಲೆ ಗುಡ್ಡೆ ಇಲ್ಲ, ಎಳೆತ ಇಲ್ಲ, ಬೆನ್ನು ನೀರು ಹರಿದ ಹಾಗೆ ಇಳಿದಿತ್ತು. ತೋಳಿನ ಜಾಗದಿಂದ ಮಾತ್ರ ನನ್ನ ಅಂಗಿಯ ಬಿಳೀ ಕೈಗಳೆರಡೂ ಹೊರಗೆ ಚಾಚಿದ್ದವು.

ನನ್ನಾಕೆ ನೋಡಿ, "ಗಿರಾಕಿಗಳು ಬಿಟ್ಟುಹೋದ ಏಳು ಕೋಟು ಅಂಗಡೀಲಿವೆಯಲ್ಲ, ಅದ್ರಲ್ಲಿ ಒಂದು ಹಾಕ್ಕೊಂಡು ಹೋಗಿ" ಅಂದಳು. ಒಳ್ಳೆಯ ಮಾತೇ. ಅವುಗಳಲ್ಲಿ ಒಂದು ಕಂದು ಕೋಟು ನನಗೆ ಹೆಚ್ಚುಕಮ್ಮಿ ಸರಿಯಾಗುತ್ತಿತ್ತು.

"ಇದನ್ನೇ ಹಾಕ್ಕೊಂಡು ಹೋಗ್ತೀನಿ" ಅಂದೆ.

"ಬೇಡಪ್ಪ, ಜನ ನಗ್ತಾರೆ" ಅಂದಳು ಮಗಳು.

"ನಗಲಿ ಬಿಡು. ನಾನು ಅವರನ್ನ ನೋಡಿ ಇಷ್ಟು ವರ್ಷ ನಕ್ಕಿಲ್ವಾ?"

ಭಾನುವಾರ ಮಧ್ಯಾಹ್ನ ಸಭೆ. ಊರಿನ ದರ್ಜಿಗಳೆಲ್ಲ ಸೇರಿದ್ದರು, ಇನ್ನೂರು ಜನ, ನಾನೂರು ಕಣ್ಣು, ಎಲ್ಲವೂ ಹೊಲಿಗೆ ನೋಡಿ ಪಳಗಿದ ಕಣ್ಣು. ನಾನು ವೇದಿಕೆ ಹತ್ತಿದಾಗ ಮೊದಲು ಗುಸುಗುಸು, ಆಮೇಲೆ ನಗು. ಅಧ್ಯಕ್ಷರು ನನ್ನ ಅಂಗಿಯ ಕೈಗಳನ್ನು ನೋಡುತ್ತಾ ನನ್ನ ಸಾಧನೆ ಓದಿದರು, ಎರಡು ಸಲ ತಡವರಿಸಿದರು. ಫಲಕ ಕೈಗೆ ಬಂತು. ಕೆಳಗಿನಿಂದ ಯಾರೋ ಒಬ್ಬ, "ತೋಳು ಅರ್ಧ ಇಂಚು ಕಮ್ಮಿಯಾಯ್ತು" ಅಂದ. ಸಭೆಗೆ ಸಭೆಯೇ ಬಿದ್ದುಬಿದ್ದು ನಕ್ಕಿತು. ನಾನಾದರೂ ಅಷ್ಟೇ ಮಾಡುತ್ತಿದ್ದೆ.

ಎರಡು ಮಾತಾಡಿ ಅಂದರು. ಭಾಷಣ ಬರೆದುಕೊಂಡು ಹೋಗಿದ್ದೆ, ಕಸುಬಿನ ಘನತೆ, ಡಿಸೈನರುಗಳ ಹಾವಳಿ, ಅದೂ ಇದೂ. ಚೀಟಿ ಕೋಟಿನ ಜೇಬಿನಲ್ಲೇ ಉಳಿಯಿತು. ಮೂರನೇ ಸಾಲಿನಲ್ಲಿ ನನ್ನಾಕೆಯ ಪಕ್ಕ ಮಗಳು ತಲೆ ತಗ್ಗಿಸಿ ಕೂತಿದ್ದಳು.

"ಈ ಕೋಟು ಕತ್ತರಿಸಿದ್ದು ನನ್ನ ಮಗಳು" ಅಂದೆ. "ಭುಜ ನೋಡಿ, ಬೆನ್ನು ನೋಡಿ. ನನ್ನ ಕೈಲಿ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ. ತೋಳು ತಪ್ಪಾಯ್ತು, ಎರಡೂ ಬಲಗೈಯದಾಯ್ತು. ನಿಮಗೆಲ್ಲ ಗೊತ್ತು, ಹೊಸದರಲ್ಲಿ ಎಲ್ಲರ ಕೈಲೂ ಆಗೋ ತಪ್ಪು. ಅವಳು ಆ ತಪ್ಪು ಹದಿನೇಳನೇ ವಯಸ್ಸಿಗೆ ಮಾಡಿ ಮುಗಿಸಬೇಕಿತ್ತು. ಒಂಬತ್ತು ವರ್ಷ ನಾನು ಕತ್ತರಿ ಕೊಡಲಿಲ್ಲ. ಅದಕ್ಕೇ ಇವತ್ತು ಹೀಗೆ ನಿಂತಿದ್ದೀನಿ."

ಇಳಿದು ಬಂದೆ. ಯಾರೂ ನಗಲಿಲ್ಲ, ಚಪ್ಪಾಳೆ ಹೊಡೆಯುವುದೋ ಬೇಡವೋ ಅಂತಲೂ ಅವರಿಗೆ ತಿಳಿಯಲಿಲ್ಲ. ಎದುರಂಗಡಿಯವನು ಎದ್ದು ಬಂದು ನನ್ನ ಬಲಭುಜದ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು ನೋಡಿ, ನನಗೆ ಏನೂ ಹೇಳದೆ, ಮಗಳ ಹತ್ತಿರ ಹೋಗಿ ಏನೋ ಹೇಳಿದ. ಏನು ಅಂತ ಇಬ್ಬರೂ ಇವತ್ತಿನ ತನಕ ಬಾಯಿ ಬಿಟ್ಟಿಲ್ಲ.

ಮನೆಗೆ ನಡೆದುಕೊಂಡೇ ಹೋದೆವು. ಬಿಸಿಲು ಇನ್ನೂ ಇತ್ತು. ಮಗಳು ಮುಂದೆ ಮುಂದೆ ಹೋಗುತ್ತಿದ್ದಳು, ನನ್ನಾಕೆ ನಡುವೆ, ನಾನು ಫಲಕ ಕಂಕುಳಲ್ಲಿ ಹಿಡಿದು ಹಿಂದೆ. ಎಲ್ಲರ ಎದುರು ಅವಳ ತಪ್ಪು ಹೇಳಿಬಿಟ್ಟೆನಲ್ಲ, ಮತ್ತೆ ಅದೇ ಕೆಲಸ ಮಾಡಿದೆನಲ್ಲ ಅಂತ ನನ್ನನ್ನೇ ಬೈದುಕೊಳ್ಳುತ್ತಾ ನಡೆದೆ. ನಮ್ಮ ಬೀದಿಯ ತಿರುವಿನಲ್ಲಿ ಅವಳು ನಿಂತಳು.

"ಅಪ್ಪ, ಅಂಗಡಿ ಎಷ್ಟು ಗಂಟೆಗೆ ತೆಗೀತೀಯಾ ಈಗ?"

"ಹತ್ತಕ್ಕೆ. ಒಬ್ಬನೇ ಅಂತ ಸೋಮಾರಿ ಆಗ್ಬಿಟ್ಟಿದ್ದೀನಿ."

"ಎಂಟಕ್ಕೆ ತೆಗಿ. ಮಳಿಗೇಲಿ ಒಂದು ತಿಂಗಳು ಮೊದಲೇ ಹೇಳಿ ಕೆಲಸ ಬಿಡಬೇಕು, ಅಲ್ಲಿ ತನಕ ಬೆಳಿಗ್ಗೆ ಎರಡು ಗಂಟೆ ಹೊತ್ತು ಬರ್ತೀನಿ. ಅಗ್ಗದ ಬಟ್ಟೆ ತಂದಿಡು, ತೋಳು ಕತ್ತರಿಸಿ ಕತ್ತರಿಸಿ ಕಲೀಬೇಕು."

ನನ್ನ ಕಣ್ಣು ತುಂಬಿಬಂತು. ಒರೆಸಿಕೊಳ್ಳೋಣ ಅಂದರೆ ಒಂದು ಕೈಯಲ್ಲಿ ಫಲಕ. ಇನ್ನೊಂದು ಕೈ ಜೇಬಿಗೆ ಹಾಕಿ ಅಂಗಡಿಯ ಬೀಗದ ಕೈ ತೆಗೆದೆ.

"ಎಂಟಕ್ಕೆಲ್ಲ ನನ್ನ ಕೈಲಾಗಲ್ಲ ಕಣಮ್ಮ" ಅಂದೆ. "ತಗೋ, ನೀನೇ ತೆಗಿ. ನಾನು ಆಮೇಲೆ ಬರ್ತೀನಿ."